ಸರ್ವಸಮ್ಮತ ಸರ್ವಾಧಿಕಾರಿ

ಸಾಫ್ಟ್‌ವೇರ್ ಪ್ರಾಜೆಕ್ಟಿನಲ್ಲಿ ಜಗಳಕ್ಕಿಳಿಯಲು ಕೋಡ್ ಓದಿರಲೇಬೇಕು ಅಂತೇನಿಲ್ಲ. ಕಣ್ಣಿದ್ದರೆ ಸಾಕು. ಬಡ್ಡಿ ಲೆಕ್ಕ ಹಾಕುವ ಫಂಕ್ಷನ್ನು ಫೆಬ್ರವರಿ 29ನ್ನು ನುಂಗಿ ಹಾಕುತ್ತಿದೆಯೇ ಎಂದು ತಿಳಿಯಲು ಅರ್ಧ ದಿನ ತಲೆ ಕೆಡಿಸಿಕೊಂಡು ಕೂರಬೇಕು. ಅದೇ ಫಂಕ್ಷನ್ನಿನ ಬ್ರೇಸ್ ಒಂದು ಸಾಲು ಕೆಳಗಿಳಿದಿರುವುದು ಕಾಫಿ ಕಪ್ ಹಿಡಿದು ಬೆನ್ನ ಹಿಂದೆ ಹಾದುಹೋಗುವವನಿಗೂ ಕಾಣುತ್ತದೆ. ಕಂಡ ಮೇಲೆ ಸುಮ್ಮನಿರುವುದು ಇಂಜಿನಿಯರನ ಜಾಯಮಾನದಲ್ಲೇ ಇಲ್ಲ.

ಹೀಗಾಗಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಯಾವ ಕಚೇರಿಗೆ ಹೋದರೂ ಈ ಮಾತುಕತೆ ಕಿವಿಗೆ ಬೀಳುತ್ತದೆ:

“ಗುರು, ನನ್ ಪಿಆರ್ ನೋಡಿದ್ಯಾ?”

“ನೋಡ್ದೆ ಮಗಾ. ಹದಿನಾಲ್ಕು ಕಮೆಂಟ್ ಹಾಕಿದೀನಿ.”

“ಲಾಜಿಕ್ ಸರಿಯಿದ್ಯಾ?”

“ಲಾಜಿಕ್ಕಾ? ಅದನ್ನ ಟೆಸ್ಟಿಂಗ್‌ನೋರು ನೋಡ್ಕೋತಾರೆ ಬಿಡು. ಕಾಮಾ ಆದ್ಮೇಲೆ ಸ್ಪೇಸ್ ಯಾಕ್ ಕೊಟ್ಟಿಲ್ಲ?”

ಈ ಕಾಯಿಲೆ ನಮ್ಮ ಹುಡುಗರು ಹಚ್ಚಿಕೊಂಡಿದ್ದಲ್ಲ, ಬಳುವಳಿಯಾಗಿ ಬಂದದ್ದು. 1958ರಲ್ಲಿ ಅಲ್ಗಾಲ್ ಭಾಷೆ ರೂಪಿಸಲು ಅಮೆರಿಕ, ಯುರೋಪಿನ ಘಟಾನುಘಟಿಗಳು ಜ್ಯೂರಿಕ್‌ನಲ್ಲಿ ಸೇರಿದ್ದರು. ಮುಂದೆ ಹುಟ್ಟಿದ ಎಷ್ಟೋ ಭಾಷೆಗಳು ಆ ಸಭೆಯ ಋಣದಲ್ಲಿವೆ. ಅಂಥ ಸಭೆಯಲ್ಲಿ ಬಿಸಿಯೇರಿದ ವಿಷಯ ಯಾವುದು ಗೊತ್ತೇ? ದಶಾಂಶಕ್ಕೆ ಅಮೆರಿಕನ್ನರ ಚುಕ್ಕಿ ಇಡುವುದೋ, ಯುರೋಪಿನವರ ಕಾಮಾ ಇಡುವುದೋ ಎಂಬುದು. ಜನ್ಮದಲ್ಲಿ ಚುಕ್ಕಿ ಮುಟ್ಟುವುದಿಲ್ಲವೆಂದು ಒಬ್ಬರು ಮೇಜು ಕುಟ್ಟಿದರಂತೆ. ಕೊನೆಗೆ ಭಾಷೆಗೆ ಮೂರು ರೂಪ ಕೊಟ್ಟು ಕೈತೊಳೆದುಕೊಂಡರು: ಪ್ರಮಾಣ ರೂಪ ಒಂದು, ಪುಸ್ತಕದಲ್ಲಿ ಅಚ್ಚು ಹಾಕಿಸಲು ಒಂದು, ಯಂತ್ರಕ್ಕೆ ಉಣಿಸಲು ಇನ್ನೊಂದು. ಯಾರೂ ಯಾರನ್ನೂ ಒಪ್ಪಬೇಕಾಗಿಲ್ಲ ಎಂಬುದನ್ನು ಎಲ್ಲರೂ ಒಪ್ಪಿದರು. ಸಮಿತಿ ಅಂದರೆ ಹೀಗಿರಬೇಕು.

ಸಾಲಿನ ಉದ್ದದ ಕತೆ ಇನ್ನೂ ಸೊಗಸು. 1928ರಲ್ಲಿ ಐಬಿಎಂ 80 ಕಾಲಂನ ಪಂಚ್ ಕಾರ್ಡ್ ತಂದಿತು. ಕಾರ್ಡ್ ಹೋಯಿತು, ಕಾರ್ಡ್ ಓದುವ ಯಂತ್ರ ಗುಜರಿ ಸೇರಿತು, 80 ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಪೈಥಾನಿನವರು ಪೆಪ್ 8 ಎಂಬ 2001ರ ಶೈಲಿ ಕೈಪಿಡಿಯಲ್ಲಿ ಒಂದು ಅಕ್ಷರ ಕಿತ್ತುಕೊಂಡು 79 ಅಂದರು. ಲಿನಕ್ಸ್ ಕರ್ನಲ್‌ನವರು 2020ರಲ್ಲಿ ಎಚ್ಚರಿಕೆಯ ಗೆರೆಯನ್ನು 100ಕ್ಕೆ ಸರಿಸಿದರು. ಕೋಡನ್ನು ತಾನೇ ಒಪ್ಪ ಮಾಡಿಕೊಡುವ ಬ್ಲ್ಯಾಕ್ ಎಂಬ ಫಾರ್ಮ್ಯಾಟರ್ 88ಕ್ಕೆ ನಿಂತಿತು. 80ರ ಮೇಲೆ ಶೇಕಡಾ 10 ಜಾಸ್ತಿಯಷ್ಟೇ ಎಂಬುದು ಅದರ ಸಮಜಾಯಿಷಿ. ಮಂಜೂರಾದ ನಕ್ಷೆ ದಾಟಿ ರಸ್ತೆಯ ಮೇಲಕ್ಕೆ ಬಾಲ್ಕನಿ ಎಳೆಯುವ ಬೆಂಗಳೂರಿನ ಮನೆ ಮಾಲೀಕರಿಗೆ ಈ ಸಮಜಾಯಿಷಿ ಬಾಯಿಪಾಠ.

ಕರ್ನಲ್‌ನವರ ಬಗ್ಗೆ ನನಗೆ ಗೌರವವಿದೆ, ಒಮ್ಮತದ ಸೋಗು ಹಾಕುವುದಿಲ್ಲ ಅನ್ನುವ ಕಾರಣಕ್ಕೆ. ಲಿನಸ್ ಟೊರ್ವಾಲ್ಡ್ಸ್ ಬರೆದ ಶೈಲಿ ಕೈಪಿಡಿ ಶುರುವಾಗುವುದೇ ಗ್ನು ಬಳಗದ ನಿಯಮಾವಳಿಯನ್ನು ಪ್ರಿಂಟ್ ತೆಗೆದು, ಓದದೆ, ಸುಟ್ಟುಬಿಡಿ ಎಂಬ ಸಲಹೆಯಿಂದ. ಟ್ಯಾಬ್ ಎಂದರೆ 8 ಅಕ್ಷರ, ಕತೆ ಮುಗಿಯಿತು. ಮೂರು ಹಂತಕ್ಕಿಂತ ಒಳಗೆ ಹೋಗಿ ಜಾಗ ಸಾಲದಾದರೆ ಕೆಟ್ಟಿರುವುದು ನಿನ್ನ ಪ್ರೋಗ್ರಾಂ. ಇದಕ್ಕೆ ಉಲ್ಟಾ ಮಾದರಿ ಬೇಕಿದ್ದರೆ ಮೇಕ್ ಎಂಬ ಬಿಲ್ಡ್ ಉಪಕರಣವಿದೆ. 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅದನ್ನು ಬರೆದ ಸ್ಟುವರ್ಟ್ ಫೆಲ್ಡ್‌ಮನ್‌ಗೆ, ಸಾಲಿನ ಮೊದಲು ಟ್ಯಾಬ್ ಕಡ್ಡಾಯ ಮಾಡಿದ್ದು ಎಡವಟ್ಟು ಎಂದು ಬೇಗನೇ ಹೊಳೆದಿತ್ತು. ಅಷ್ಟರಲ್ಲಿ ಒಂದು ಡಜನ್ ಬಳಕೆದಾರರು ಹುಟ್ಟಿಕೊಂಡಿದ್ದರು, ಹೆಚ್ಚಿನವರು ಸ್ನೇಹಿತರೇ. ಅವರಿಗೇಕೆ ತೊಂದರೆ ಎಂದು ಹಾಗೇ ಬಿಟ್ಟರು. ಹನ್ನೆರಡು ಜನರ ದಾಕ್ಷಿಣ್ಯಕ್ಕೆ ಲೋಕವೆಲ್ಲ ಇವತ್ತಿಗೂ ಟ್ಯಾಬ್ ಒತ್ತುತ್ತಿದೆ.

ಇದೆಲ್ಲ ಬರೀ ಜುಟ್ಟಿನ ಮಲ್ಲಿಗೆಯ ಜಗಳ ಎಂದು ನಕ್ಕುಬಿಡೋಣ ಅಂದರೆ 2014ರ ಫೆಬ್ರವರಿ ಅಡ್ಡ ಬರುತ್ತದೆ. ಎದುರಿನ ಸರ್ವರ್ ಅಸಲಿಯೋ ನಕಲಿಯೋ ಎಂದು ಪರೀಕ್ಷಿಸುವ ಆಪಲ್‌ನ ಕೋಡಿನಲ್ಲಿ ‘ಗೋಟು ಫೇಲ್’ ಎಂಬ ಸಾಲು ಎರಡು ಸಲ, ಒಂದರ ಕೆಳಗೊಂದು ಬಿದ್ದಿತ್ತು. ಮೇಲೊಂದು ‘ಇಫ್’. ಬ್ರೇಸ್ ಇಲ್ಲ. ಎರಡೂ ಒಂದೇ ಅಳತೆಗೆ ಒಳಸರಿದು ನಿಂತಿದ್ದರಿಂದ ಎರಡೂ ಆ ‘ಇಫ್’ನ ಮಕ್ಕಳೇ ಎಂದು ಕಣ್ಣು ನಂಬಿತು. ಕಂಪೈಲರ್ ಸಾಲು ಎಲ್ಲಿ ನಿಂತಿದೆ ಎಂದು ನೋಡುವುದಿಲ್ಲ. ಅದರ ಪಾಲಿಗೆ ಮೊದಲನೆಯದು ಮಾತ್ರ ಮನೆ ಮಗ, ಎರಡನೆಯದು ಯಾವ ಷರತ್ತಿಗೂ ಸಿಗದ ಪೋಕರಿ. ಅದು ಪ್ರತಿ ಸಲವೂ ಓಡಿ, ಸಹಿ ಪರೀಕ್ಷೆಯನ್ನೇ ಹಾರಿಸಿ, ‘ದೋಷವೇನಿಲ್ಲ’ ಎಂಬ ಫಲಿತಾಂಶ ಹಿಡಿದು ಬರುತ್ತಿತ್ತು. ಐಫೋನು, ಮ್ಯಾಕುಗಳು ಅದನ್ನು ನಂಬಿ ನಕಲಿಗೂ ಬಾಗಿಲು ತೆರೆಯುವಂತಾಗಿತ್ತು. ಒಮ್ಮೆ ಫಾರ್ಮ್ಯಾಟರ್ ಓಡಿಸಿದ್ದರೆ ಎರಡನೆಯ ಸಾಲು ಎಡಕ್ಕೆ ಜರುಗಿ, ಒಂಟಿಯಾಗಿ ನಿಂತು ಸಿಕ್ಕಿಬೀಳುತ್ತಿತ್ತು. ಶೈಲಿ ಬೇಕಿರುವುದು ಇಂಥದ್ದಕ್ಕೆ. ನಾವು ಕಚ್ಚಾಡುವುದು ಮಾತ್ರ ಇದಕ್ಕಲ್ಲ.

ಜಗಳ ಅಡಗಿದ್ದು ಹೇಗೆ? 2009ರಲ್ಲಿ ಹೊರಬಂದ ಗೋ ಭಾಷೆಯವರು ಸಭೆಯನ್ನೇ ಕರೆಯಲಿಲ್ಲ. ಭಾಷೆಯ ಜೊತೆಗೇ ಗೋ-ಎಫ್‌ಎಂಟಿ ಎಂಬ ಉಪಕರಣ ಕೊಟ್ಟರು. ಇಂಡೆಂಟ್ ಎಷ್ಟು, ಬ್ರೇಸ್ ಎಲ್ಲಿ ಎಂದು ಹೇಳಿಕೊಳ್ಳಲು ಅದರಲ್ಲಿ ಆಯ್ಕೆಯೇ ಇಲ್ಲ. ಜನಕ್ಕೆ ಅಭಿಪ್ರಾಯ ಹುಟ್ಟುವ ಮೊದಲೇ, ಗಿಡವಾಗಿದ್ದಾಗಲೇ ಬಗ್ಗಿಸಿಬಿಟ್ಟರು. ಅದರ ಶೈಲಿ ಯಾರಿಗೂ ಅಚ್ಚುಮೆಚ್ಚಲ್ಲ, ಆದರೂ ಆ ಉಪಕರಣ ಎಲ್ಲರಿಗೂ ಅಚ್ಚುಮೆಚ್ಚು ಎಂದು ಗೋ ರೂಪಿಸಿದವರಲ್ಲಿ ಒಬ್ಬರಾದ ರಾಬ್ ಪೈಕ್ 2015ರಲ್ಲಿ ಧಾರಾಳವಾಗಿ ಒಪ್ಪಿಕೊಂಡರು. ಸರ್ವಾಧಿಕಾರಿಗಳು ಹೀಗೆ ನಿಜ ಹೇಳುವುದು ಅಪರೂಪ. ಆಮೇಲೆ 2017ರಲ್ಲಿ ಜಾವಾಸ್ಕ್ರಿಪ್ಟಿಗೆ ಪ್ರೆಟಿಯರ್ ಬಂತು, 2018ರಲ್ಲಿ ಪೈಥಾನಿಗೆ ಬ್ಲ್ಯಾಕ್. ಟೀಮ್ ಔಟಿಂಗ್ ನಂದಿಬೆಟ್ಟಕ್ಕೋ ಸಕಲೇಶಪುರಕ್ಕೋ ಎಂಬುದಕ್ಕೂ ವೋಟಿಂಗ್ ಕೇಳುವ ಮಂದಿ, ತಮ್ಮನ್ನು ಒಂದು ಮಾತೂ ಕೇಳದ ಉಪಕರಣಕ್ಕೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಆದರೆ ಹಳೇ ಪ್ರಾಜೆಕ್ಟಿನ ಮೇಲೆ ಒಮ್ಮೆಯಾದರೂ ಈ ಫಾರ್ಮ್ಯಾಟರ್ ಎಂಬ ರೋಲರ್ ಹರಿಸಬೇಕಲ್ಲ. ಅಪ್ರೈಸಲ್ ಹತ್ತಿರವಾದಾಗ ಟೀಮಿನಲ್ಲಿ ಒಬ್ಬ ಪುಣ್ಯಾತ್ಮ ಈ ಸೇವೆಗೆ ಮುಂದೆ ಬರುತ್ತಾನೆ. ಒಂದೇ ಕಮಾಂಡ್, ಲಕ್ಷಾಂತರ ಸಾಲು ಬದಲು. ಮರುದಿನ, ಯಾವ ಸಾಲನ್ನು ಕೊನೆಗೆ ಯಾರು ಮುಟ್ಟಿದರೆಂದು ತೋರಿಸುವ ಗಿಟ್ ಬ್ಲೇಮ್ ತೆರೆದರೆ ಪ್ರಾಜೆಕ್ಟಿನ ಪ್ರತಿ ಸಾಲಿನ ಪಕ್ಕದಲ್ಲೂ ಅವನ ಹೆಸರೇ, ಅವನು ಕೆಲಸಕ್ಕೆ ಸೇರುವ ಮೊದಲು ಬರೆದಿದ್ದಕ್ಕೂ. ಅಪ್ರೈಸಲ್‌ವರೆಗೆ ಇದು ವರ. ಆಮೇಲೊಂದು ರಾತ್ರಿ ಎರಡು ಗಂಟೆಗೆ ಪೇಮೆಂಟ್ ನಿಂತುಹೋಗಿ, ಆನ್‌ಸೈಟ್‌ನಿಂದ ಫೋನ್ ಬರುವುದೂ ಅವನಿಗೇ. “ಸಾರ್, ನಾನು ಸ್ಪೇಸ್ ಮಾತ್ರ ಹಾಕಿದ್ದು” ಎಂಬ ಅಳಲನ್ನು ಆ ಹೊತ್ತಿನಲ್ಲಿ ಯಾರು ಕೇಳಬೇಕು? ಇಂಥವರ ಗೋಳಿಗೆಂದೇ 2019ರಲ್ಲಿ ಗಿಟ್ ಒಂದು ದಾರಿ ಮಾಡಿಕೊಟ್ಟಿತು, ಬ್ಲೇಮ್ ಮಾಡುವಾಗ ಅಂಥ ಕಮಿಟ್‌ಗಳನ್ನು ಪಕ್ಕಕ್ಕಿಡಬಹುದು. ಅಪ್ರೈಸಲ್ ಮುಗಿಯುವವರೆಗೆ ಅದನ್ನು ಸೇರಿಸಲು ಅವನಿಗೆ ಮನಸ್ಸು ಬರುವುದಿಲ್ಲ, ಅದು ಬೇರೆ ಮಾತು.

ಈ ಗದ್ದಲವೆಲ್ಲ ತಣ್ಣಗಾದ ಮೇಲೆ ಒಂದು ಅಸಲಿ ಅಹವಾಲು ಬಂದಿದೆ. ಕಣ್ಣು ಕಾಣದ ಪ್ರೋಗ್ರಾಮರ್‌ಗಳು ಬ್ರೈಲ್ ಡಿಸ್‌ಪ್ಲೇ ಮೇಲೆ ಬೆರಳಾಡಿಸಿ ಕೋಡ್ ಓದುತ್ತಾರೆ. ಸಾಲಿಗೆ 40 ಕೋಶ ಇರುವ ಸಾಧನದಲ್ಲಿ ಒಂದೊಂದು ಸ್ಪೇಸಿಗೂ ಒಂದು ಕೋಶ ವ್ಯರ್ಥ. ನಾಲ್ಕು ಸ್ಪೇಸಿನ ಲೆಕ್ಕದಲ್ಲಿ ಮೂರು ಹಂತ ಒಳಗೆ ಹೋದರೆ 12 ಕೋಶ ಖಾಲಿ. ಟ್ಯಾಬ್ ಆದರೆ ಮೂರೇ. ದೃಷ್ಟಿ ಮಂದವಾಗಿ ಅಕ್ಷರವನ್ನು ದಪ್ಪ ಮಾಡಿಕೊಂಡು ಓದುವವರು ಟ್ಯಾಬಿನ ಅಗಲವನ್ನು ತಮಗೆ ಬೇಕಾದಷ್ಟಕ್ಕೆ ಕುಗ್ಗಿಸಿಕೊಳ್ಳಬಹುದು. ವರ್ಷಗಟ್ಟಲೆ ನಡೆದ ಟ್ಯಾಬ್-ಸ್ಪೇಸ್ ಯುದ್ಧದಲ್ಲಿ ರುಚಿಯ ವಿಷಯವಲ್ಲದ ವಾದ ಇದೊಂದೇ ಇರಬೇಕು. ಪ್ರೆಟಿಯರ್‌ನವರ ಮುಂದೆಯೂ ಈ ಕೋರಿಕೆ ಹೋಗಿದೆ. ಡೀಫಾಲ್ಟ್ ಸ್ಪೇಸಾಗಿಯೇ ಉಳಿದಿದೆ. ಟ್ಯಾಬ್ ಬೇಕೆಂದವರು ಸೆಟ್ಟಿಂಗ್ಸ್ ಫೈಲಿನಲ್ಲಿ ಒಂದೇ ಒಂದು ಸಾಲು ಸೇರಿಸಿದರಾಯಿತು. ಆ ಸಾಲು ಹಾಕೋಣವೇ ಎಂದು ನಿಮ್ಮ ಟೀಮ್ ಲೀಡನ್ನು ಕೇಳಿ ನೋಡಿ. ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ಹೇಳುತ್ತಾರೆ: “ಫಾರ್ಮ್ಯಾಟಿಂಗ್ ಬಗ್ಗೆ ಇನ್ಮೇಲೆ ಯಾರೂ ಮಾತಾಡ್ಬಾರ್ದು ಅಂತ ಡಿಸೈಡ್ ಆಗಿದೆಯಲ್ಲ?”