ಕಚೇರಿಗೆ ಹೊಸ ತಂತ್ರಜ್ಞಾನ: ಅಳವಡಿಕೆ ಮತ್ತು ಬಳಕೆಯ ಕೈಪಿಡಿ

ಖರೀದಿಸಿದ್ದಕ್ಕೆ ವಂದನೆಗಳು. ಖರೀದಿಸಿದ್ದು ಏನನ್ನು ಎಂದು ಇನ್ನೂ ತಿಳಿಯದಿದ್ದರೆ ಗಾಬರಿ ಬೇಡ, ಟೆಂಡರ್ ಟಿಪ್ಪಣಿ ಬರೆದವರಿಗೂ ತಿಳಿದಿರಲಿಲ್ಲ. ಹಿಂದೊಮ್ಮೆ ಪೆಟ್ಟಿಗೆಯ ಮೇಲೆ ‘ಕ್ಲೌಡ್’ ಎಂದಿತ್ತು, ಆಮೇಲೆ ‘ಬ್ಲಾಕ್‌ಚೈನ್’ ಎಂದಾಯಿತು, ಈಗ ‘ಎಐ’. ಕೈಪಿಡಿ ಮೂರಕ್ಕೂ ಇದೇ.

ಅಳವಡಿಕೆಗೆ ಮುನ್ನ

ಕಚೇರಿಯಲ್ಲಿ ಯಾವುದೂ ಬದಲಾಗಕೂಡದು ಎಂದು ಮೊದಲೇ ಗಟ್ಟಿ ಮಾಡಿಕೊಳ್ಳಿ. ಇದಕ್ಕೆ ಘನವಾದ ಪರಂಪರೆಯಿದೆ. ಅಮೆರಿಕದ ಕಾರ್ಖಾನೆಗಳಿಗೆ ವಿದ್ಯುತ್ ಬಂದಾಗ ಮಾಲೀಕರು ಉಗಿಯಂತ್ರ ಕಿತ್ತು ಅದೇ ಜಾಗದಲ್ಲಿ ದೊಡ್ಡದೊಂದು ಮೋಟಾರು ಕೂರಿಸಿದರು. ಸೂರಿನುದ್ದಕ್ಕೂ ಗಿರಗಿರ ತಿರುಗುವ ಶಾಫ್ಟು ಹಾಗೇ ಉಳಿಯಿತು, ಬೆಲ್ಟುಗಳೂ ಉಳಿದವು. ನ್ಯೂಯಾರ್ಕಿನಲ್ಲಿ ಎಡಿಸನ್‌ನ ವಿದ್ಯುತ್ ಕೇಂದ್ರ ಶುರುವಾದದ್ದು 1882ರಲ್ಲಿ. ಕಾರ್ಖಾನೆಗಳ ಉತ್ಪಾದಕತೆ ಜಿಗಿದದ್ದು 1920ರ ದಶಕದಲ್ಲಿ, ಯಂತ್ರಕ್ಕೊಂದು ಸಣ್ಣ ಮೋಟಾರು ಕೊಟ್ಟು, ಕೆಲಸದ ಕ್ರಮಕ್ಕೆ ತಕ್ಕಂತೆ ಕಟ್ಟಡವನ್ನೇ ಹೊಸದಾಗಿ ಕಟ್ಟಿದ ಮೇಲೆ. ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಈ ಕತೆಯನ್ನು ಕಂಪ್ಯೂಟರಿನ ಪಕ್ಕಕ್ಕಿಟ್ಟು ಬರೆದರು. ಹೆಚ್ಚುಕಮ್ಮಿ ನಲವತ್ತು ವರ್ಷ. ಅಷ್ಟರಲ್ಲಿ ನೀವು ಪಿಂಚಣಿ ತಗೊಂಡು ಆರಾಮಾಗಿರುತ್ತೀರಿ.

ಅಳವಡಿಕೆ

ತಪಾಲಿನಲ್ಲಿ ಬಂದ ಅರ್ಜಿಗೆ ಮೊಹರು ಒತ್ತಿ, ಸ್ಕ್ಯಾನ್ ಮಾಡಿ, ಇ-ಆಫೀಸಿಗೆ ಏರಿಸಿ. ಸಾಹೇಬರು ಪರದೆಯ ಮೇಲೆ ಓದುವವರಲ್ಲ. ಆದ್ದರಿಂದ ಏರಿಸಿದ್ದನ್ನು ಪ್ರಿಂಟ್ ತೆಗೆದು, ಟ್ಯಾಗ್ ಕಟ್ಟಿ ಒಳಗೆ ಕಳಿಸಿ. ಅವರು ಹಸಿರು ಶಾಯಿಯಲ್ಲಿ ‘ಚರ್ಚಿಸಿ’ ಎಂದು ಬರೆಯುತ್ತಾರೆ. ಅದನ್ನು ಮತ್ತೆ ಸ್ಕ್ಯಾನ್ ಮಾಡಿ ಏರಿಸಿ. ಕಾಗದರಹಿತ ಕಚೇರಿಗೆ ತಿಂಗಳಿಗೆ ಎಷ್ಟು ರೀಮ್ ಕಾಗದ ಬೇಕು ಎಂಬ ಇಂಡೆಂಟನ್ನೂ ಈಗ ಆನ್‌ಲೈನಿನಲ್ಲೇ ಹಾಕಬಹುದು.

ಡಿಜಿಟಲ್ ಸಹಿಯ ಡಾಂಗಲ್ ಅಧಿಕಾರಿಯ ವಶದಲ್ಲೇ ಇರಬೇಕು ಎಂಬುದು ನಿಯಮ. ಅದನ್ನು ಕೇಸ್ ವರ್ಕರ್ ಮೇಜಿನ ಎರಡನೇ ಡ್ರಾಯರಿನಲ್ಲಿ, ಗುಂಡುಪಿನ್ ಡಬ್ಬಿಯ ಪಕ್ಕ, ಪಿನ್ ನಂಬರು ಬರೆದ ಚೀಟಿಯನ್ನು ರಬ್ಬರ್ ಬ್ಯಾಂಡಿನಿಂದ ಸುತ್ತಿ ಇಡಿ. ಲಾಗಿನ್ ಆಗುವಾಗ ಕೆಳಗಿನ ಸಂಭಾಷಣೆ ಕೇಳಿಬಂದರೆ ಉಪಕರಣ ಸರಿಯಾಗಿ ಕೆಲಸ ಮಾಡುತ್ತಿದೆ ಎಂದರ್ಥ:

“ಸಾರ್, ಓಟಿಪಿ ಬಂತಾ?”

“ನನಗೆಲ್ಲಿ ಬರುತ್ತಪ್ಪ, ಹಳೇ ಸಾಹೇಬ್ರ ನಂಬರಿಗೇ ಹೋಗ್ತಿದೆ. ಫೋನ್ ಹಾಕು ಅವರಿಗೆ.”

“ಹಾಕಿದೆ ಸಾರ್. ತೋಟದಲ್ಲಿದಾರಂತೆ, ಸಂಜೆ ಮನೆಗೆ ಬಂದು ನೋಡಿ ಹೇಳ್ತಾರಂತೆ.”

ಎಚ್ಚರಿಕೆ: ಈ ವಿಧಾನವನ್ನು ಅನುಸರಿಸಬೇಡಿ

ಕೆಲವರು ಯಂತ್ರದ ಜೊತೆಗೆ ಕೆಲಸದ ಕ್ರಮವನ್ನೂ ಬದಲಿಸಲು ಹೋಗುತ್ತಾರೆ. ಅಂಥ ದುಡುಕಿಗೆ ಉದಾಹರಣೆ ನಮ್ಮಲ್ಲೇ ಇದೆ. ಪಹಣಿ ಎಂಬುದು ಒಂದು ಕಾಲಕ್ಕೆ ಗ್ರಾಮಲೆಕ್ಕಿಗರ ಕೈಬರಹದಲ್ಲಿ, ಅವರ ಚೀಲದಲ್ಲಿ, ಅವರ ಮನಸ್ಸಿನಲ್ಲಿ ಇರುತ್ತಿತ್ತು. ಬೆಳೆಸಾಲಕ್ಕೆ ಪಹಣಿ ಬೇಕಾದ ರೈತ ಮೊದಲು ಲೆಕ್ಕಿಗರನ್ನು ಹುಡುಕಬೇಕು, ಆಮೇಲೆ ಅವರ ಮರ್ಜಿ ಕಾಯಬೇಕು. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿತು. ಅಷ್ಟಕ್ಕೆ ನಿಂತಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದುಬಿಟ್ಟರು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಯಾರು ಬೇಕಾದರೂ ಪಡೆಯಬಹುದು ಎಂದರು. ತಿದ್ದುವವರು ಬೆರಳಚ್ಚು ಕೊಟ್ಟೇ ಒಳಹೋಗಬೇಕು. ‘ನಾನಲ್ಲ ಸ್ವಾಮಿ’ ಎನ್ನುವ ಹಾಗಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲೇ ಇತ್ಯರ್ಥವಾಗಬೇಕೆಂದು ತಂತ್ರಾಂಶವೇ ಹಟ ಹಿಡಿಯಿತು. ‘ನಮ್ಮವರು’ ಎಂದು ನೂರನೇ ಅರ್ಜಿಯನ್ನು ಮೇಲಕ್ಕೆಳೆಯುವ ಸೌಕರ್ಯವೇ ಹೋಯಿತು. ಕೈ ಬೆಚ್ಚಗೆ ಮಾಡುವ ಪದ್ಧತಿ ಸರ್ವೆ ಸ್ಕೆಚ್ಚಿಗೋ ಇನ್ನೆಲ್ಲಿಗೋ ಜಾಗ ಹುಡುಕಿಕೊಂಡಿದೆ, ನಿಜ. ಆದರೂ ಒಬ್ಬ ಮನುಷ್ಯನ ಕೈಯಿಂದ ಒಂದು ಅಧಿಕಾರ ಜಾರಿತು. ನಿಮ್ಮ ಸಂಸ್ಥೆಯಲ್ಲಿ ಯಾರ ಕೈಯಿಂದ ಏನು ಜಾರಬಹುದು ಎಂಬ ಪಟ್ಟಿಯನ್ನು ಆಡಳಿತ ಮಂಡಳಿಯ ಮುಂದೆ ಇಡಲೇಬೇಡಿ. ಯೋಜನೆ ಅಲ್ಲೇ ಬಿದ್ದುಹೋಗುತ್ತದೆ.

ಉಸ್ತುವಾರಿ

ನೌಕರರ ಮೇಲೆ ನಂಬಿಕೆ ಇಲ್ಲದಿದ್ದರೆ ಆ್ಯಪ್ ಹಾಕಿ. ನರೇಗಾ ಕಾಮಗಾರಿಗಳಲ್ಲಿ ಕೂಲಿಗಳ ಫೋಟೊವನ್ನು ದಿನಕ್ಕೆ ಎರಡು ಸಲ ತೆಗೆದು ಏರಿಸಬೇಕೆಂಬ ನಿಯಮ 2023ರ ಜನವರಿಯಿಂದ ದೇಶದೆಲ್ಲೆಡೆ ಕಡ್ಡಾಯವಾಯಿತು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ಸುತ್ತೋಲೆ ಹೊರಡಿಸಿ ದೂರಿತು: ಕೆಲಸಕ್ಕೆ ಸಂಬಂಧವೇ ಇಲ್ಲದ ಚಿತ್ರಗಳು ಬರುತ್ತಿವೆ, ಫೋಟೊದ ಫೋಟೊ ತೆಗೆದು ಹಾಕುತ್ತಿದ್ದಾರೆ, ಅವೇ ಮುಖಗಳು ಹಲವು ಹಾಜರಿ ಪಟ್ಟಿಗಳಲ್ಲಿವೆ. ಪರಿಹಾರ? ಫೋಟೊಗಳನ್ನು ಗ್ರಾಮ ಪಂಚಾಯಿತಿ ಮಟ್ಟದಿಂದ ಮೇಲಿನವರೆಗೆ ಮನುಷ್ಯರು ಕೂತು ಪರಿಶೀಲಿಸಬೇಕು. ಇದರ ನಡುವೆ, ಸಿಗ್ನಲ್ ಸಿಗದ ಗುಡ್ಡದಲ್ಲಿ ನಿಜವಾಗಿ ಮಣ್ಣು ಹೊತ್ತವಳ ಕೂಲಿ ಏನಾಗಬೇಕು ಎಂಬುದು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ದತ್ತಾಂಶದ ಬಳಕೆ

ಸಂಗ್ರಹಿಸಿಟ್ಟ ಲೆಕ್ಕ ಯಾವತ್ತಾದರೂ ಯಾರಿಗಾದರೂ ಉಪಯೋಗಕ್ಕೆ ಬರುತ್ತದೆ. ಬೆಂಗಳೂರಿನ ಬೇಕರಿ, ಕಾಂಡಿಮೆಂಟ್ಸ್, ಹಾಲು-ತರಕಾರಿ ಅಂಗಡಿಗಳವರು ಚಿಲ್ಲರೆ ಗೋಳು ತಪ್ಪಿತೆಂದು ಯುಪಿಐ ಕೋಡು ಅಂಟಿಸಿ ಖುಷಿಯಾಗಿದ್ದರು. 2025ರ ಜುಲೈನಲ್ಲಿ ಅದೇ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದವು. ಸರಕಿಗಾದರೆ ವರ್ಷಕ್ಕೆ 40 ಲಕ್ಷ, ಸೇವೆಗಾದರೆ 20 ಲಕ್ಷ ದಾಟಿದವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿತ್ತು ಎಂಬುದು ಇಲಾಖೆಯ ವಾದ. ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ನೋಟಿಸು ತಲುಪಿದ್ದರಿಂದ ಗಲಾಟೆ ಎದ್ದು, ಮುಖ್ಯಮಂತ್ರಿ ವ್ಯಾಪಾರಿಗಳನ್ನು ಕರೆಸಿ ಮಾತಾಡಬೇಕಾಯಿತು. ಅಷ್ಟರಲ್ಲಿ ಎಷ್ಟೋ ಅಂಗಡಿಗಳ ಮುಂದೆ ರಟ್ಟಿನ ಬೋರ್ಡು ನೇತಾಡುತ್ತಿತ್ತು: ‘ನೋ ಯುಪಿಐ, ಓನ್ಲಿ ಕ್ಯಾಶ್’. ಲೆಕ್ಕ ಸುಳ್ಳಾಗಿರಲಿಲ್ಲ, ಗಮನಿಸಿ. ಅದು ಯಾರ ಮೇಜಿಗೆ ಹೋಗುತ್ತದೆ ಎಂದು ಕೋಡು ಅಂಟಿಸಿದ ದಿನ ಯಾರೂ ಹೇಳಿರಲಿಲ್ಲ, ಅಷ್ಟೆ.

ದೋಷ ನಿವಾರಣೆ

ಪರದೆ ನೀಲಿಯಾದರೆ: ಪೆನ್ನು ಹುಡುಕಿ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಕಂಪನಿಯ ಒಂದು ದೋಷಪೂರಿತ ಅಪ್‌ಡೇಟಿನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ಕಂಪ್ಯೂಟರುಗಳು ಕೂತುಹೋದವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ವಿಮಾನ ಹಾರಿತು.

‘ಸರ್ವರ್ ಡೌನ್’ ಬೋರ್ಡು: ಎರಡೂ ಬದಿ ಬಳಸಬಹುದು.

ವಾರಂಟಿ

ಎಐ ಬರೆದದ್ದಕ್ಕೆ ತಯಾರಕರು ಹೊಣೆಯಲ್ಲ. ನೀವೂ ಅಲ್ಲ ಎಂದು ವಾದಿಸಿ ನೋಡಬಹುದು. ಏರ್ ಕೆನಡಾ ಹಾಗೆ ನೋಡಿತು. ಅಜ್ಜಿ ತೀರಿಕೊಂಡವರೊಬ್ಬರಿಗೆ ಅದರ ಚಾಟ್‌ಬಾಟ್, ಸಾವಿನ ಸಂದರ್ಭದ ರಿಯಾಯಿತಿಗೆ ಪ್ರಯಾಣ ಮುಗಿದ ಮೇಲೂ ಅರ್ಜಿ ಹಾಕಬಹುದು ಎಂದು ತಪ್ಪು ಮಾಹಿತಿ ಕೊಟ್ಟಿತ್ತು. ಚಾಟ್‌ಬಾಟ್ ಬೇರೆಯದೇ ಒಂದು ವ್ಯಕ್ತಿಯಿದ್ದಂತೆ, ಅದರ ಮಾತಿಗೆ ಅದೇ ಜವಾಬ್ದಾರಿ ಎಂಬ ಧಾಟಿಯಲ್ಲಿ ಕಂಪನಿ ವಾದಿಸಿತು. 2024ರ ಫೆಬ್ರವರಿಯಲ್ಲಿ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ ಅದನ್ನು ಒಪ್ಪಲಿಲ್ಲ. ಬಡ್ಡಿ, ಶುಲ್ಕ ಎಲ್ಲ ಸೇರಿ 812 ಕೆನಡಿಯನ್ ಡಾಲರ್ ಕೊಡಬೇಕಾಯಿತು. ಆ ವಾದವನ್ನು ಬರೆದುಕೊಟ್ಟವರ ಸಂಬಳ ಇದರಲ್ಲಿ ಸೇರಿಲ್ಲ.