ಹೋಗುವ ದಾರಿಯ ಊರು

ಹಂಪಿ ಎಕ್ಸ್‌ಪ್ರೆಸ್ ಎಂಬ ಹೆಸರನ್ನು ಹೊತ್ತ ರೈಲು ಹಂಪಿಗೆ ಹೋಗುವುದಿಲ್ಲ. ಮೈಸೂರಿನಲ್ಲಿ ಹೊರಟು, ಬೆಂಗಳೂರನ್ನು ಹಾದು, ಗುಂತಕಲ್ಲಿನ ಕಡೆಯಿಂದ ಸುತ್ತಿಕೊಂಡು ಹುಬ್ಬಳ್ಳಿಯ ದಿಕ್ಕಿಗೆ ಸಾಗುವ ಈ ರೈಲು, ಹಂಪಿಯ ಯಾತ್ರಿಕರನ್ನು ಹೊಸಪೇಟೆಯಲ್ಲಿ ಇಳಿಸಿ, ಮುಂದಿನದು ನಿಮ್ಮ ಪುಣ್ಯವೆಂದು ಹೊರಟುಬಿಡುತ್ತದೆ. ಬಳ್ಳಾರಿಗಾದರೋ ಅದು ತಪ್ಪದೆ ಬರುತ್ತದೆ, ನಿಲ್ಲುತ್ತದೆ, ನಮ್ಮ ಚಹಾವನ್ನು ಕುಡಿಯುತ್ತದೆ. ಹಾಗಿದ್ದೂ ತಾನು ಹೋಗದ ಊರಿನ ಹೆಸರನ್ನು ಹಣೆಯ ಮೇಲೆ ಬರೆದುಕೊಂಡು, ಬಂದು ನಿಂತ ಊರಿನ ಹೆಸರನ್ನು ನಾಲಗೆಗೂ ತಂದುಕೊಳ್ಳದ ಈ ಕೃತಘ್ನತೆಯನ್ನು ಬಳ್ಳಾರಿಯ ಮಹಾಜನರು ಬಿಸಿಲನ್ನು ಸಹಿಸಿಕೊಂಡಂತೆಯೇ ಮೌನವಾಗಿ ಸಹಿಸಿಕೊಂಡು ಬಂದಿದ್ದಾರೆ. ಪ್ಲಾಟ್‌ಫಾರ್ಮಿನಲ್ಲಿ ನಿಂತು ನೋಡಿರಿ: ಗಡ್ಡ ಬಿಟ್ಟ ವಿದೇಶೀಯನೊಬ್ಬನು ಬಾಗಿಲಿನಿಂದ ತಲೆ ಹೊರಗೆ ಹಾಕಿ "ಹಂಪಿ?" ಎನ್ನುತ್ತಾನೆ, ಚಹಾದವನು ಇಲ್ಲವೆಂದು ತಲೆಯಾಡಿಸುತ್ತಾನೆ, ತಲೆ ಒಳಗೆ ಹೋಗುತ್ತದೆ. ಬಳ್ಳಾರಿಗೂ ವಿಶ್ವಕ್ಕೂ ಇರುವ ಸಂಬಂಧವು ಪ್ರತಿ ಪ್ರಾತಃಕಾಲವೂ ಇಷ್ಟರಲ್ಲಿಯೇ ಮುಗಿಯುತ್ತದೆ.

ಇಂತಹ ರೈಲಿನಿಂದ, ಇಂತಹ ಊರಿನಲ್ಲಿ, ಸ್ವಬುದ್ಧಿಯಿಂದ ಇಳಿಯುವವರು ವಿರಳ. ನನ್ನ ಸೋದರಳಿಯನು ಇಳಿದುದು ಮಾತೃವಾಕ್ಯ ಪರಿಪಾಲನೆಗಾಗಿ. "ಮಾವನ ಮನೆಯ ಮುಂದೆಯೇ ಹಾದು ಹೋಗಿ ಮುಖ ತೋರಿಸದೆ ಹೋದೆಯೆಂದರೆ ನನ್ನ ಮನೆಗೆ ಬರಬೇಡ" ಎಂದು ನನ್ನ ತಂಗಿಯು ಅಪ್ಪಣೆ ಕೊಡಿಸಿದ್ದುದರಿಂದ, ಮಧ್ಯಾಹ್ನದ ಬಸ್ಸಿನವರೆಗಿನ ಕಾಲವನ್ನು ಬಳ್ಳಾರಿಗೆ ದಾನಮಾಡಿ, ಆಮೇಲೆ ಹಂಪಿಯನ್ನು ಸೇರುವುದೆಂದು ಅವನು ನಿಶ್ಚಯಿಸಿಕೊಂಡು ಬಂದಿದ್ದನು. ಅವನ ಬೆನ್ನಿನ ಮೇಲೊಂದು ಬ್ಯಾಗು ಇತ್ತು. ಅಥವಾ ಆ ಬ್ಯಾಗಿನ ಮುಂದೆ ಅವನಿದ್ದನು ಎಂದರೆ ಸತ್ಯಕ್ಕೆ ಹೆಚ್ಚು ಸಮೀಪವಾದೀತು. ಪೆಟ್ಟಿಗೆಗಳ ದಾಸ್ಯದಿಂದ ವಿಮುಕ್ತನಾಗಿ, ಒಂದೇ ಚೀಲದೊಡನೆ, ಕಾಲು ಕರೆದೊಯ್ದಲ್ಲಿಗೆ ಹೋಗುವ ಸ್ವಾತಂತ್ರ್ಯವೇ ಪ್ರವಾಸದ ಪರಮಾರ್ಥವೆಂದು ಅವನು ಆಟೋದಲ್ಲಿ ನನಗೆ ಉಪದೇಶಿಸಿದನು. ಆ ಸ್ವಾತಂತ್ರ್ಯವು ಆಟೋದ ಆಸನವನ್ನು ಸಂಪೂರ್ಣವಾಗಿ ಆಕ್ರಮಿಸಿಕೊಂಡಿದ್ದುದರಿಂದ ನಾನು ಚಾಲಕನ ಪಕ್ಕದಲ್ಲಿ ಅರ್ಧಾಸನವನ್ನು ಪಡೆದು ಆಲಿಸುತ್ತಿದ್ದೆನು.

ಅವನು ಮೆಲ್ಬರ್ನಿನಿಂದ ಬರುವಾಗ ಸಿಂಗಪುರದಲ್ಲಿ ಕೆಲವು ಗಂಟೆ ತಂಗಿದ್ದನಂತೆ. ಅಲ್ಲಿಯ ಚಾಂಗಿ ವಿಮಾನನಿಲ್ದಾಣದಲ್ಲಿ, ಒಂದು ವಿಮಾನದಿಂದಿಳಿದು ಇನ್ನೊಂದನ್ನು ಕಾಯುವವರ ಮನೋಲ್ಲಾಸಕ್ಕಾಗಿ ಚಿಟ್ಟೆಗಳ ಉದ್ಯಾನವಿದೆ. ಅದರ ನೆರೆಯಲ್ಲಿ 2019ರಿಂದ ಗಾಜಿನ ಛಾವಣಿಯ ಕೆಳಗೆ 40 ಮೀಟರಿನ ಜಲಪಾತವೊಂದು ಧುಮುಕುತ್ತಿದೆ. ಸಾಕಷ್ಟು ಸಮಯವುಳ್ಳ ಪ್ರಯಾಣಿಕರನ್ನು ಬಸ್ಸಿನಲ್ಲಿ ಕೂರಿಸಿಕೊಂಡು, ಕಾಸು ಕೇಳದೆ ಊರು ತೋರಿಸಿ, ವೇಳೆಗೆ ಸರಿಯಾಗಿ ತಂದುಬಿಡುತ್ತಾರೆ. ಇದನ್ನೆಲ್ಲ ವರ್ಣಿಸಿ ಮುಗಿಸಿ, ಅವನು ನನ್ನನ್ನು ನೋಡಿ, "ಇಲ್ಲೇನೈತೆ ಮಾಮ, ನೋಡಂಥದ್ದು?" ಎಂದನು. ಪ್ರಶ್ನೆಯಲ್ಲಿ ದುರುದ್ದೇಶವಿರಲಿಲ್ಲ. ಆದರೆ ಬ್ರೂಸ್‌ಪೇಟೆಯ ನಿವಾಸಿಯ ಸ್ವಾಭಿಮಾನಕ್ಕೆ ಉದ್ದೇಶಗಳ ವಿಚಾರಣೆ ಬೇಕಾಗಿಲ್ಲ. ನಾನು ಆ ಕ್ಷಣವೇ ಆಟೋವನ್ನು ಕೋಟೆಯ ಕಡೆಗೆ ತಿರುಗಿಸಿದೆನು.

ಬಳ್ಳಾರಿಯ ಗುಡ್ಡವನ್ನು ಸೂರ್ಯನು ಹತ್ತುವ ಮೊದಲು ನಾವು ಹತ್ತಬೇಕು. ಇದು ಊರಿನ ಅಲಿಖಿತ ಶಾಸನ. ಬ್ಯಾಗನ್ನು ಕೆಳಗೆ ಆಟೋದವನ ವಶದಲ್ಲಿ ಬಿಡೋಣವೆಂದೆನು. ಅಳಿಯನು ಒಪ್ಪಲಿಲ್ಲ. ಸ್ವಾತಂತ್ರ್ಯವನ್ನು ಅಪರಿಚಿತರಲ್ಲಿ ಒತ್ತೆಯಿಡುವುದು ಅವನ ಸಿದ್ಧಾಂತಕ್ಕೆ ವಿರುದ್ಧವಾಗಿತ್ತು. ಹೀಗಾಗಿ ಮಂಡಿನೋವಿನ ನಾನು ಮುಂದೆಯೂ, ವ್ಯಾಯಾಮಪಟುವಾದ ಅವನು ಏದುತ್ತ ಹಿಂದೆಯೂ, ಮೆಟ್ಟಿಲುಗಳನ್ನೇರಿದೆವು. ಮೇಲಿನ ಕೋಟೆ ವಿಜಯನಗರದರಸರ ಸಾಮಂತನಾದ ಹನುಮಪ್ಪ ನಾಯಕನದು. ಕೆಳಗಿನದು ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿಯು ಫ್ರೆಂಚ್ ಇಂಜಿನಿಯರನೊಬ್ಬನಿಂದ ಕಟ್ಟಿಸಿದುದು. ಕೆಲಸವೆಲ್ಲ ಮುಗಿದ ಮೇಲೆ ಹೈದರನು ಮೇಲೆ ನಿಂತು ಸುತ್ತಲೂ ನೋಡಲಾಗಿ, ಎದುರಿಗಿದ್ದ ಕುಂಬಾರಗುಡ್ಡವು ಕೋಟೆಯ ಗುಡ್ಡಕ್ಕಿಂತ ಎತ್ತರವಾಗಿದ್ದು, ಅಲ್ಲಿ ಫಿರಂಗಿಯನ್ನಿಟ್ಟವನಿಗೆ ಈ ಕೋಟೆಯು ಅಂಗೈ ಮೇಲಿನ ನೆಲ್ಲಿಕಾಯಿಯಾಗುವುದೆಂಬುದು ಅರಿವಾಗಿ, ಕ್ರುದ್ಧನಾಗಿ, ಆ ಇಂಜಿನಿಯರನನ್ನು ಕೋಟೆಯ ಬಾಗಿಲಿನಲ್ಲಿಯೇ ಗಲ್ಲಿಗೇರಿಸಿದನೆಂದು ಐತಿಹ್ಯ. ಕಟ್ಟಡ ಮುಗಿಯುವ ತನಕ ಎದುರಿನ ಗುಡ್ಡವು ಯಾರ ಕಣ್ಣಿಗೂ ಬೀಳದಿದ್ದುದು ಹೇಗೆಂದು ಅಳಿಯನು ಕೇಳಿದನು. ಇದಕ್ಕೆ ನನ್ನದೇ ಒಂದು ಸಮಾಧಾನವಿದೆ: ಮಧ್ಯಾಹ್ನದ ಬಳ್ಳಾರಿಯಲ್ಲಿ ಯಾವ ಇಂಜಿನಿಯರನೂ ತಲೆಯೆತ್ತಿ ನೋಡಲಾರ. ಏನೇ ಇರಲಿ, ನಾಲ್ಕು ದಿನದ ಕೆಲಸಕ್ಕೆಂದು ಬಂದು ಶಾಶ್ವತವಾಗಿ ಇಲ್ಲಿಯೇ ಉಳಿದವನು ಅವನೊಬ್ಬನೇ. ಅದೂ ಅವನ ಇಚ್ಛೆಗೆ ವಿರುದ್ಧವಾಗಿ.

ಉಳಿದವರೆಲ್ಲ ಹಾದು ಹೋದವರೇ. ಊರು 1792ರಲ್ಲಿ ನಿಜಾಮನಿಗೆ ಹೋಯಿತು. 1800ರಲ್ಲಿ ನಿಜಾಮನು ಅದನ್ನು ಕಂಪನಿಗೆ ಕೊಟ್ಟು ಕೈಬಿಟ್ಟನು. ಕಂಪನಿಯು ಕಳುಹಿಸಿದ ಥಾಮಸ್ ಮನ್ರೋ ಏಳು ವರ್ಷ ದತ್ತಮಂಡಲಗಳ ಕಲೆಕ್ಟರನಾಗಿದ್ದು ಹೋದನು. 1827ರಲ್ಲಿ ಮದ್ರಾಸಿನ ಗವರ್ನರನಾಗಿದ್ದವನು, ಸ್ವದೇಶಕ್ಕೆ ಮರಳುವ ಮುನ್ನ ಹಳೆಯ ಸೀಮೆಯನ್ನು ಕೊನೆಯದಾಗಿ ನೋಡಬೇಕೆಂದು ಬಂದು, ಪತ್ತಿಕೊಂಡದಲ್ಲಿ ಕಾಲರಾ ತಗಲಿ ತೀರಿಕೊಂಡನು. 1810ರಲ್ಲಿ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮಾತ್ರ ತಾಳ್ಮೆಯಿಂದ ಕುಳಿತು, ಬೈಬಲನ್ನು ಕನ್ನಡಕ್ಕೆ ತಿರುಗಿಸಿದನು. ಈ ಸೆಖೆಯಲ್ಲಿ ನರಕದ ವರ್ಣನೆಯನ್ನು ಭಾಷಾಂತರಿಸಲು ಅವನಿಗೆ ವಿಶೇಷ ಶ್ರಮವಾಗಿರಲಾರದು. ನಮ್ಮ ಕಾಲದಲ್ಲಿಯೂ ಪದ್ಧತಿ ತಪ್ಪಿಲ್ಲ. 1999ರ ಲೋಕಸಭಾ ಚುನಾವಣೆಗೆ ಸೋನಿಯಾ ಗಾಂಧಿಯವರೂ ಸುಷ್ಮಾ ಸ್ವರಾಜರೂ ನಮ್ಮೂರಿಗೆ ಬಂದರು. ಗೆದ್ದವರು ಅಮೇಥಿಯನ್ನು ಇಟ್ಟುಕೊಂಡು ಬಳ್ಳಾರಿಯನ್ನು ಬಿಟ್ಟರು. ಸೋತವರು ಪ್ರಚಾರಕ್ಕೆಂದು ಕಲಿತ ಕನ್ನಡದೊಡನೆ ಎಷ್ಟೋ ವರ್ಷ ವರಮಹಾಲಕ್ಷ್ಮಿಯ ಪೂಜೆಗೆ ತಪ್ಪದೆ ಬರುತ್ತಿದ್ದರು. ಯಾರನ್ನು ಗೆಲ್ಲಿಸಿದರೆ ಊರಿಗೆ ಲಾಭವೆಂಬ ರಾಜಕೀಯ ಪ್ರಶ್ನೆಗೆ ಬಳ್ಳಾರಿಯು ನೀಡಿರುವ ಈ ಉತ್ತರವನ್ನು ವಿದ್ವಾಂಸರು ಇನ್ನೂ ಪರಾಮರ್ಶಿಸಿದಂತಿಲ್ಲ.

"ಅಂದ್ರೆ ಊರಿಗೇ ಟ್ರಾನ್ಸಿಟ್ಟು" ಎಂದನು ಅಳಿಯ, ಬಂಡೆಗೆ ಬ್ಯಾಗನ್ನು ಆನಿಸಿ, ಬ್ಯಾಗಿಗೆ ತಾನು ಆನಿ. ಹೌದಪ್ಪಾ, ಎಂದೆನು. ನಮ್ಮ ತಂದೆಯವರು ಮದ್ರಾಸು ಪ್ರಾಂತದಲ್ಲಿ ಹುಟ್ಟಿ, 1953ರ ಅಕ್ಟೋಬರ್ 1ರಂದು ಬೆಳಿಗ್ಗೆ ಎದ್ದಾಗ ಮೈಸೂರು ರಾಜ್ಯದಲ್ಲಿದ್ದು, 1973ರಲ್ಲಿ ಕರ್ನಾಟಕವನ್ನು ಸೇರಿದರು. ಇಷ್ಟು ದೇಶಸಂಚಾರಕ್ಕೆ ಅವರು ಚೀಲವಿರಲಿ, ಚಪ್ಪಲಿಯನ್ನೂ ಮೆಟ್ಟಿಕೊಂಡಿರಲಿಲ್ಲ.

ಇಳಿದು ಬ್ರೂಸ್‌ಪೇಟೆಗೆ ಬಂದಾಗ ಬಿಸಿಲು ತನ್ನ ಅಧಿಕಾರವನ್ನು ಸ್ವೀಕರಿಸಿಯಾಗಿತ್ತು. ಪೊಲೀಸ್ ಠಾಣೆಯ ಫಲಕವನ್ನೋದಿದ ಅಳಿಯನು, ಬ್ರೂಸ್ ಲೀ ಇಲ್ಲಿಗೆ ಯಾವಾಗ ಬಂದಿದ್ದನೆಂದು ಕೇಳಿದನು. ಕಂಪನಿಯ ಕಾಲದ ಆಂಗ್ಲ ಅಧಿಕಾರಿಯೊಬ್ಬನ ಹೆಸರದೆಂದೂ, ಬಳಿಕ ಇನ್ನೊಬ್ಬ ಬ್ರೂಸ್, ಅಂದರೆ ರಾಬರ್ಟ್ ಬ್ರೂಸ್ ಫುಟ್ ಎಂಬ ಭೂವಿಜ್ಞಾನಿಯು ಬಂದು, ಸಂಗನಕಲ್ಲಿನ ಸುತ್ತ ಶಿಲಾಯುಗದವರ ಕೊಡಲಿಗಳನ್ನೂ ಬೂದಿದಿಬ್ಬಗಳನ್ನೂ ಹುಡುಕಿದನೆಂದೂ ತಿಳಿಸಿದೆನು. ಅಲ್ಲಿಯ ಕಪ್ಪಗಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ನಾದಗೈಯುವ ಬಂಡೆಗಳಿವೆ ಎಂದಾಗ ಅವನ ಕಣ್ಣುಗಳು ಅರಳಿದವು. ಆದರೆ ಅಷ್ಟರಲ್ಲಿ ಬೆಂಗಳೂರು ರಸ್ತೆಯ ಅಂಗಡಿಯೊಂದರಲ್ಲಿ ತೂಗುಹಾಕಿದ್ದ ಜೀನ್ಸ್ ಪ್ಯಾಂಟುಗಳು ಅವನನ್ನು ನವಶಿಲಾಯುಗದಿಂದ ಸೆಳೆದುಕೊಂಡವು. ಬಳ್ಳಾರಿಯು ಜೀನ್ಸ್ ಹೊಲಿದು ನಾಡಿಗೆಲ್ಲ ಕಳುಹಿಸುವ ಊರು. ತಾನು ಮೆಲ್ಬರ್ನಿನಲ್ಲಿ ಕೊಂಡು ತೊಟ್ಟಿದ್ದ, ಮೊಣಕಾಲಿನಲ್ಲಿ ಹರಿದ ಪ್ಯಾಂಟಿನ ಬೆಲೆಯನ್ನು ಅವನು ಬಾಯಿಬಿಟ್ಟು ಹೇಳಿದಾಗ ಅಂಗಡಿಯವನು ಕರುಣೆಯಿಂದ ಕುರ್ಚಿ ಕೊಟ್ಟನು. ಹರಿಯದಿರುವ ಎರಡನ್ನು ಅದರ ಅಲ್ಪಾಂಶಕ್ಕೆ ಕೊಡುವೆನೆಂದನು. ಅಳಿಯನು ಬ್ಯಾಗಿನ ಜಿಪ್ಪನ್ನು ಎಳೆದನು, ನೂಕಿದನು, ಅದರ ಮೇಲೆ ಮಂಡಿಯೂರಿದನು. ಸ್ವಾತಂತ್ರ್ಯದಲ್ಲಿ ಒಂದು ಪ್ಯಾಂಟಿಗೂ ಸ್ಥಳವಿರಲಿಲ್ಲ. ಕೊನೆಗೆ ಪ್ಯಾಂಟುಗಳು ನನ್ನ ಕಂಕುಳನ್ನು ಸೇರಿದವು.

ಮನೆಯಲ್ಲಿ ನನ್ನಾಕೆಯು ಒಗ್ಗರಣೆಯನ್ನೂ ಮಿರ್ಚಿಯನ್ನೂ ಸಿದ್ಧಪಡಿಸಿದ್ದಳು. ಹೊರಗಿನವರಿಗಾಗಿ ಹೇಳುತ್ತೇನೆ: ಒಗ್ಗರಣೆಯೆಂದರೆ ನಮ್ಮಲ್ಲಿ ಸಾರಿನ ಮೇಲೆ ಹಾಕುವುದಲ್ಲ, ಮಂಡಕ್ಕಿಯನ್ನು ನೆನೆಸಿ ಹಿಂಡಿ ಮಾಡುವ ತಿಂಡಿ, ಬದಿಗೆ ಕಡಲೆಹಿಟ್ಟಿನಲ್ಲದ್ದಿ ಕರಿದ ಮೆಣಸಿನಕಾಯಿಯಿಲ್ಲದಿದ್ದರೆ ಅದನ್ನು ತಿಂದಂತೆ ಲೆಕ್ಕವಿಲ್ಲ. ಮೊದಲನೆಯ ಮಿರ್ಚಿಗೆ ಅಳಿಯನು ಆಸ್ಟ್ರೇಲಿಯವನ್ನು ಮರೆತನು. ಎರಡನೆಯದಕ್ಕೆ ಗಡಿಯಾರವನ್ನು ಮರೆತನು. ಮಜ್ಜಿಗೆ ಕುಡಿದು, ಕಣ್ಣೊರೆಸಿಕೊಂಡು, ಪಂಖದ ಕೆಳಗೆ ಒಂದು ನಿಮಿಷವೆಂದು ಒರಗಿದವನು ಎದ್ದಾಗ, ಅವನು ಹಿಡಿಯಬೇಕಾಗಿದ್ದ ಬಸ್ಸು ತೋರಣಗಲ್ಲನ್ನು ದಾಟಿರಬೇಕು.

"ಅಯ್ಯೋ, ಹಂಪಿ!" ಎಂದು ಅವನು ಬ್ಯಾಗಿಗೆ ಕೈಹಾಕಿದನು.

"ಯಾಕಪ್ಪಾ ಅವಸರ? ಹಂಪಿ ಏನು ಎದ್ದು ಓಡಿ ಹೋಗತೈತಾ?" ಎಂದಳು ಅವನ ಅತ್ತೆ.

ಇತಿಹಾಸದ ವಿಷಯದಲ್ಲಿ ಅಸತ್ಯವನ್ನು ಸಹಿಸುವುದು ನನ್ನಿಂದಾಗದು. ಹಂಪಿಯು ಹೊಸಪೇಟೆಯನ್ನೂ ಕರೆದುಕೊಂಡು 2021ರಲ್ಲಿ ನಮ್ಮ ಜಿಲ್ಲೆಯಿಂದ ಎದ್ದು ವಿಜಯನಗರ ಜಿಲ್ಲೆಗೆ ಹೋಗಿಯೇ ಬಿಟ್ಟಿದೆಯೆಂದು ನಾನು ತಿದ್ದಿದೆನು.

"ಹೋದ್ರೆ ಹೋಗ್ಲಿ ಬಿಡ್ರಿ" ಎಂದು ಅವಳು ಬಾಣಲೆಯನ್ನು ಮತ್ತೆ ಒಲೆಯ ಮೇಲಿಟ್ಟಳು. "ಮೆಣಸಿನಕಾಯಿ ಇನ್ನೂ ಅರ್ಧ ಕೇಜಿ ಅದಾವೆ."