ಕ್ರಿಯಾಪದಕ್ಕೆ ಉಸಿರು ಬೇಕು

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಮೂವತ್ತು ವರ್ಷ ವ್ಯಾಕರಣ ಪಾಠ ಮಾಡಿದವನಿಗೆ ಇದರ ಕಷ್ಟ ಗೊತ್ತಾದದ್ದು ನ್ಯುಮೋನಿಯಾ ಬಂದು ಹೋದ ಮೇಲೆ. ಕರ್ತೃ, ಕರ್ಮ ದಾಟುವಷ್ಟರಲ್ಲಿ ಉಸಿರು ಮುಗಿಯುತ್ತಿತ್ತು. ‘ಕಾಫಿಗೆ ಸಕ್ಕರೆ...’ ಎಂದು ನಾನು ನಿಂತರೆ, ‘ಬೇಡ’ ಎಂದು ಹೆಂಡತಿಯೇ ವಾಕ್ಯ ಪೂರ್ತಿ ಮಾಡುತ್ತಿದ್ದಳು.

ಆಸ್ಪತ್ರೆಯಿಂದ ಬರುವಾಗ ಮಾತ್ರೆಗಳ ಜೊತೆ ಒಂದು ಆಟದ ಸಾಮಾನನ್ನೂ ಕೈಗಿಟ್ಟಿದ್ದರು. ಪ್ಲಾಸ್ಟಿಕ್ಕಿನ ಮೂರು ಕೋಣೆ, ಒಂದೊಂದರ ತಳದಲ್ಲಿ ಒಂದೊಂದು ಚೆಂಡು, ಪಕ್ಕದಲ್ಲಿ ಹುಕ್ಕಾದಂಥ ಕೊಳವೆ. ಹೆಸರು ಸ್ಪೈರೋಮೀಟರ್. ಮೇಲೆ 600, 900, 1200 ಎಂದಿತ್ತು. ಬೆಲೆಯಿರಬೇಕು ಅಂದುಕೊಂಡೆ. ಸೆಕೆಂಡಿಗೆ ಅಷ್ಟು ಸಿಸಿ ಗಾಳಿ ಹರಿದರೆ ಚೆಂಡು ಏಳುತ್ತದೆಂಬ ಲೆಕ್ಕ ಅದು.

ಮೈಕಿಲ್ಲದೆ ಕೊನೆಯ ಬೆಂಚಿಗೆ ಮುಟ್ಟಿಸಿದ ಗಂಟಲು ನನ್ನದು. ಇದೇನು ಮಹಾ ಎಂದು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಊದಿದೆ. ಚೆಂಡು ಮಿಸುಕಲಿಲ್ಲ. ಮತ್ತೆ ಊದಿದೆ. ಕಣ್ಣು ಕತ್ತಲೆ ಬಂತು.

‘ರೀ, ಊದೋದಲ್ಲ, ಎಳೆಯೋದು. ಎಳನೀರು ಕುಡಿಯೋ ಹಾಗೆ ಅಂತ ಆ ಹುಡುಗಿ ಹೇಳಲಿಲ್ವಾ?’

ಫಿಸಿಯೋಥೆರಪಿಯ ಹುಡುಗಿ ಹೇಳಿದ್ದಳು. ಆಗ ನಾನು ಅವಳಿಗೆ ಪ್ರಾಣಾಯಾಮದ ಮಹತ್ವ ತಿಳಿಸಿಕೊಡುತ್ತಿದ್ದೆ.

ಎಳೆದೆ. ಮೊದಲ ಚೆಂಡು ಒಲ್ಲದ ಮನಸ್ಸಿನಿಂದ ಎದ್ದು, ಅರ್ಧ ಏರಿ, ಕೆಮ್ಮು ಬಂದ ಕೂಡಲೇ ಟಪ್ಪೆಂದು ಬಿತ್ತು. ಏಳು ವರ್ಷದ ಮೊಮ್ಮಗ ‘ತಾತ ಔಟ್’ ಅಂದ.

ಇನ್ನೊಂದು ಪಾಠ, ಮೂಗಿನಲ್ಲಿ ಎರಡು ಎಣಿಸುವಷ್ಟು ಎಳೆದು, ತುಟಿ ಕಿರಿದು ಮಾಡಿ ನಾಲ್ಕು ಎಣಿಸುವಷ್ಟು ಬಿಡುವುದು. ಗಾಳಿ ನಿಧಾನವಾಗಿ ಹೊರಬಿದ್ದರೆ ಒಳಗಿನ ಸಣ್ಣ ನಾಳಗಳು ಬೇಗ ಮುಚ್ಚಿಕೊಳ್ಳುವುದಿಲ್ಲವಂತೆ. ನಮ್ಮಜ್ಜಿ ಊದುಗೊಳವೆ ಹಿಡಿದು ಸೌದೆ ಒಲೆ ಮುಂದೆ ಇದನ್ನೇ ಮಾಡುತ್ತಿದ್ದಳು. ಜೊತೆಗೆ ಹೊಗೆಯನ್ನೂ ಕುಡಿದಳು, ಕೊನೆತನಕ ಕೆಮ್ಮಿದಳು. ಹಿಂದಿನ ಕಾಲದ್ದೆಲ್ಲ ಆರೋಗ್ಯ ಎನ್ನುವವರು ಸಿಕ್ಕಾಗ ಈ ಎರಡನೆಯ ಭಾಗವನ್ನೂ ಹೇಳುತ್ತೇನೆ.

ಹೊಟ್ಟೆಯಿಂದ ಉಸಿರಾಡುವುದೇ ಎಲ್ಲಕ್ಕಿಂತ ಕಠಿಣ. ಮಲಗಿ, ಒಂದು ಕೈ ಎದೆಯ ಮೇಲೆ, ಒಂದು ಹೊಟ್ಟೆಯ ಮೇಲೆ. ಎಳೆದಾಗ ವಪೆ ಕೆಳಗಿಳಿದು ಹೊಟ್ಟೆ ಏಳಬೇಕು, ಎದೆ ಸುಮ್ಮನಿರಬೇಕು. ಪ್ರತಿ ಗ್ರೂಪ್ ಫೋಟೋಗೂ ಹೊಟ್ಟೆ ಒಳಗೆಳೆದುಕೊಂಡು ನಿಂತವನಿಗೆ ಈಗ ಅದನ್ನು ಉಬ್ಬಿಸು ಎಂದರೆ?

ಇದು ಆರನೆಯ ವಾರ. ಎರಡನೆಯ ಚೆಂಡು ಮೇಲೆ ಹೋಗಿ ಮೂರು ಎಣಿಸುವವರೆಗೆ ನಿಲ್ಲುತ್ತದೆ. ಮೂರನೆಯದು ಇನ್ನೂ ತಳ ಬಿಟ್ಟಿಲ್ಲ. ಮೊನ್ನೆ ಬೆಳಿಗ್ಗೆ, ‘ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕು’ ಎಂದು ಕ್ರಿಯಾಪದದವರೆಗೂ ಒಂದೇ ಉಸಿರಿನಲ್ಲಿ ಹೇಳಿದೆ.

ಹಾಕಲಿಲ್ಲ.